ಕೈ ಕೊಟ್ಟವರು, ಕೈಗೆ ಕೊಟ್ಟವರು

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕೈದು ಲೇತ್ ಯಂತ್ರಗಳನ್ನಿಟ್ಟುಕೊಂಡು ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಹಿರಿಯರೊಬ್ಬರಿಗೆ ನಾನು ಹಲವು ವರ್ಷಗಳಿಂದ ಪತ್ರವ್ಯವಹಾರದಲ್ಲಿ ನೆರವಾಗುತ್ತಿದ್ದೇನೆ. ಅವರಿಗೆ ಇಂಗ್ಲಿಷ್ ಬಾರದೆಂದಲ್ಲ; ಅಳತೆ, ದರ, ದಿನಾಂಕಗಳಿರುವ ಪತ್ರಗಳನ್ನು ಅವರೇ ಓದಿಕೊಳ್ಳುತ್ತಾರೆ. ಆದರೆ ಒಪ್ಪಿಗೆ, ನಿರಾಕರಣೆ, ಷರತ್ತುಗಳ ಮಾತು ಬಂದಾಗ ಅದನ್ನು ಕನ್ನಡದಲ್ಲಿ ಒಮ್ಮೆ ಓದಿದ ಹೊರತು ಅವರಿಗೆ ಸಮಾಧಾನವಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಮೆರಿಕದ ಗ್ರಾಹಕರೊಬ್ಬರಿಂದ ಅವರಿಗೆ ಒಂದು ಇಮೇಲ್ ಬಂತು. ಅದರಲ್ಲಿದ್ದ ಮುಖ್ಯ ಮಾತು ಒಂದೇ: ‘ವಿ ಹ್ಯಾವ್ ಡಿಸೈಡೆಡ್ ಟು ಟೇಬಲ್ ಯುವರ್ ಪ್ರೊಪೋಸಲ್’. ನಾನು ಎರಡನೆಯ ಸಲ ಯೋಚಿಸದೆ ‘ನಿಮ್ಮ ಪ್ರಸ್ತಾವವನ್ನು ಸಭೆಯ ಮುಂದೆ ಮಂಡಿಸಲು ತೀರ್ಮಾನಿಸಿದ್ದೇವೆ’ ಎಂದು ಬರೆದುಕೊಟ್ಟೆ. ಮಂಡನೆಯವರೆಗೆ ಬಂದ ಪ್ರಸ್ತಾವಕ್ಕೆ ಒಪ್ಪಿಗೆ ದೂರವಿಲ್ಲವೆಂದು ನಂಬಿದ ಅವರು, ಆರ್ಡರ್ ಬಂದ ದಿನವೇ ಕೆಲಸ ಶುರುವಾಗಲಿ ಎಂದು ಸ್ಟೇನ್‌ಲೆಸ್ ಸ್ಟೀಲಿನ ಸರಳುಗಳನ್ನು ಸಾಲದ ಮೇಲೆ ತರಿಸಿಟ್ಟರು. ಆರ್ಡರ್ ಬರಲಿಲ್ಲ. ಗ್ರಾಹಕರು ಹೇಳಿದ್ದು ಪ್ರಸ್ತಾವವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ ಎಂದು. ಆ ಸರಳುಗಳು ಐದು ತಿಂಗಳು ಶೆಡ್ಡಿನ ಗೋಡೆಗೆ ಒರಗಿಕೊಂಡಿದ್ದವು, ಬಡ್ಡಿ ಮಾತ್ರ ತಿಂಗಳು ತಿಂಗಳೂ ಬೆಳೆಯಿತು. ‘ನಿಮ್ಮ ತಪ್ಪೇನಿದೆಯಮ್ಮ, ಅವರು ಬರೆದದ್ದೇ ಹಾಗಲ್ಲವೇ’ ಎಂದು ಅವರು ನನ್ನನ್ನು ಸಮಾಧಾನ ಮಾಡಿದರು. ತಪ್ಪು ನನ್ನದೇ ಆಗಿತ್ತು. ಒಂದೇ ರೂಪದ ಎರಡು ನುಡಿಗಟ್ಟುಗಳಲ್ಲಿ ಯಾವುದು ನನ್ನ ಮುಂದಿದೆ ಎಂದು ಕೇಳಿಕೊಳ್ಳದೆ ಹೋದ ತಪ್ಪು ಅದು.

ನನಗೆ ಹಾಗೆ ಅನ್ನಿಸಲು ಕಾರಣವಿತ್ತು. ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ದಿನಗಳಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳು ವಿಧೇಯಕವೋ ಮಹಾಲೇಖಪಾಲರ ವರದಿಯೋ ‘ಟೇಬಲ್ಡ್’ ಆಯಿತೆಂದು ಬರೆದರೆ, ಅದೇ ಸುದ್ದಿಯನ್ನು ಕನ್ನಡ ಪತ್ರಿಕೆಗಳು ‘ಸದನದಲ್ಲಿ ಮಂಡಿಸಲಾಯಿತು’ ಎಂದು ಬರೆಯುತ್ತವೆ. ನಮ್ಮ ಶಾಸನಸಭೆಗಳು ಬ್ರಿಟಿಷ್ ಪದ್ಧತಿಯನ್ನು ಅನುಸರಿಸಿ ಬೆಳೆದವು. ಅಲ್ಲಿ ಸದನದ ಮೇಜಿನ ಮೇಲೆ ಕಾಗದವನ್ನಿಡುವುದೆಂದರೆ ಅದನ್ನು ಎಲ್ಲರ ಮುಂದೆ ತರುವುದು. ಅಮೆರಿಕದ ಸಭಾ ನಡಾವಳಿಯಲ್ಲಿ ಮೇಜಿನ ಮೇಲಿಡುವುದೆಂದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಬೇರೆ ಕೆಲಸಕ್ಕೆ ತಿರುಗುವುದು. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರ್ 1876ರಲ್ಲಿ ಪ್ರಕಟಿಸಿದ ಸಭಾ ನಿಯಮಗಳಲ್ಲಿಯೂ ಇರುವುದು ಈ ಅರ್ಥವೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮತ್ತು ಅಮೆರಿಕದ ಸೇನಾಧಿಕಾರಿಗಳು ಇದೇ ಒಂದು ಕ್ರಿಯಾಪದದ ಮೇಲೆ ದೀರ್ಘವಾಗಿಯೂ ಕಟುವಾಗಿಯೂ ವಾದಿಸಿ, ತಮ್ಮಿಬ್ಬರಿಗೂ ಬೇಕಾಗಿದ್ದುದು ಒಂದೇ ಎಂಬುದನ್ನು ತಡವಾಗಿ ಕಂಡುಕೊಂಡರೆಂದು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ದಾಖಲಿಸಿದ್ದಾರೆ. ಹುಟ್ಟಿನಿಂದಲೇ ಆ ಭಾಷೆಯನ್ನಾಡಿದವರು ಎಡವಿದ ಕಲ್ಲಿಗೆ ನಾನೂ ಎಡವಿದೆನೆಂಬುದು ನನಗೆ ಸಮಾಧಾನ ತರಲಿಲ್ಲ, ಏಕೆಂದರೆ ಅವರಲ್ಲಿ ಯಾರೂ ಬಡ್ಡಿ ಕಟ್ಟಬೇಕಾಗಿ ಬರಲಿಲ್ಲ.

ಅಂದಿನಿಂದ ಒಂದು ನೋಟ್‌ಪುಸ್ತಕವನ್ನು ಇಟ್ಟುಕೊಂಡಿದ್ದೇನೆ. ರಾಜಾಜಿನಗರದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ಏಳೆಂಟು ಮಂದಿ ಇಂಗ್ಲಿಷ್ ಕಲಿಯಲು ಬರುತ್ತಾರೆ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುತ್ತಿರುವವರು. ಅವರ ಬರಹಗಳನ್ನು ತಿದ್ದುತ್ತ ಹೋದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಅಪರೂಪದ, ಕಷ್ಟದ ನುಡಿಗಟ್ಟುಗಳಲ್ಲಿ ಅವರು ತಪ್ಪುವುದು ಕಡಿಮೆ, ಏಕೆಂದರೆ ಗೊತ್ತಿಲ್ಲದ್ದು ಗೊತ್ತಿಲ್ಲವೆಂದೇ ಕಾಣುವುದರಿಂದ ನಿಘಂಟು ತೆರೆಯುತ್ತಾರೆ. ತಪ್ಪುವುದು ಸುಲಭವೆಂದು ಕಾಣುವ ಜೋಡಿಗಳಲ್ಲಿ, ಅದರಲ್ಲಿಯೂ ‘ದಿ’, ‘ಎ’, ‘ಇನ್’, ‘ಆನ್’, ‘ಟು’ ಎಂಬಂತಹ ಒಂದೇ ಒಂದು ಪುಟ್ಟ ಪದದಿಂದ ಬೇರೆಯಾಗುವ ಜೋಡಿಗಳಲ್ಲಿ. ಶಾಲೆಯಲ್ಲಿ ಈ ಪುಟ್ಟ ಪದಗಳನ್ನು ನಮಗೆ ಕಲಿಸಿದ್ದು ಖಾಲಿ ಜಾಗ ತುಂಬುವ ಒಂದಂಕದ ಪ್ರಶ್ನೆಗಳಾಗಿ. ಅವು ಅರ್ಥವನ್ನು ಹೊರುತ್ತವೆ ಎಂದು ಹೇಳಿಕೊಟ್ಟ ಪಾಠ ನನಗಂತೂ ನೆನಪಿಲ್ಲ.

ಕನ್ನಡದಲ್ಲಿ ‘ದಿ’ಗೆ ಸಮನಾದ ಪದವಿಲ್ಲ, ನಿಜ. ಆದರೆ ಅಂತಹದೇ ಭಾರವನ್ನು ಹೊರುವ ಪ್ರತ್ಯಯಗಳು ನಮ್ಮಲ್ಲಿವೆ. ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ನಾವೆಲ್ಲರೂ ಶಾಲೆಯಲ್ಲಿ ರಾಗವಾಗಿ ಹೇಳಿದ್ದೇವೆ. ‘ಅವನು ನನಗೆ ಕೈ ಕೊಟ್ಟ’ ಎಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟ ಎಂದರ್ಥ. ‘ಅವನು ನನ್ನ ಕೈಗೆ ಕೊಟ್ಟ’ ಎಂದರೆ ಏನನ್ನೋ ತಂದೊಪ್ಪಿಸಿದ ಎಂದರ್ಥ. ನಡುವೆ ಇರುವುದು ‘ಗೆ’ ಎಂಬ ಒಂದೇ ಅಕ್ಷರ. ಎಷ್ಟೇ ಆತುರದಲ್ಲಿದ್ದರೂ ಯಾವ ಕನ್ನಡಿಗನೂ ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಇದನ್ನು ತರಗತಿಯಲ್ಲಿ ಮೊದಲ ಸಲ ಹಲಗೆಯ ಮೇಲೆ ಬರೆದಾಗ, ಹಾಸನದ ಕಡೆಯಿಂದ ಬಂದಿರುವ ಡಿಪ್ಲೊಮಾ ಓದಿದ ಹುಡುಗನೊಬ್ಬ ‘ಹಾಗಾದರೆ ಅವರ ‘ದಿ’ ನಮ್ಮ ‘ಗೆ’ ಇದ್ದ ಹಾಗೆ ಅಲ್ಲವೇ ಮೇಡಂ’ ಎಂದು ಕೇಳಿದ. ವ್ಯಾಕರಣದ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆಯೇ, ಆದರೆ ಓದುವಾಗ ಕೊಡಬೇಕಾದ ಗಮನದ ಲೆಕ್ಕದಲ್ಲಿ ಆ ಹುಡುಗ ಹೇಳಿದ್ದು ಸರಿ. ಆಮೇಲೆ ನನ್ನ ಪಾಠದ ದಾರಿಯನ್ನೇ ಬದಲಿಸಿಕೊಂಡೆ.

ಅವನೇ ತನ್ನ ಮೇಲಧಿಕಾರಿಗೆ ಬರೆದ ವಾರದ ವರದಿಯಲ್ಲಿ, ಕೆಲಸ ಎರಡು ದಿನ ತಡವಾಗಿದೆ ಎಂದು ತಿಳಿಸಲು ‘ಅವರ್ ಟೀಮ್ ಈಸ್ ಬಿಹೈಂಡ್ ದಿ ಟೈಮ್ಸ್’ ಎಂದು ಬರೆದಿದ್ದ. ‘ಬಿಹೈಂಡ್ ಟೈಮ್’ ಎಂದರೆ ಹೊತ್ತಿಗಿಂತ ಹಿಂದೆ ಬಿದ್ದಿರುವುದು, ಮೆಜೆಸ್ಟಿಕ್ಕಿನ ನಿಲ್ದಾಣಕ್ಕೆ ರೈಲು ತಡವಾಗಿ ಬರುವ ಹಾಗೆ. ‘ಬಿಹೈಂಡ್ ದಿ ಟೈಮ್ಸ್’ ಎಂದರೆ ಕಾಲಕ್ಕೆ ಹೊಂದದೆ ಹಳತಾಗಿರುವುದು. ಎರಡು ದಿನದ ವಿಳಂಬವನ್ನು ಒಪ್ಪಿಕೊಳ್ಳಲು ಹೋದವನು ತನ್ನ ತಂಡವೇ ಓಬೀರಾಯನ ಕಾಲದ್ದೆಂದು ಬರೆದುಕೊಟ್ಟಂತಾಯಿತು. ಇದಕ್ಕೆ ಹತ್ತಿರದ್ದೇ ‘ಆನ್ ಟೈಮ್’ ಮತ್ತು ‘ಇನ್ ಟೈಮ್’ ಎಂಬ ಜೋಡಿ. ಗೊತ್ತುಮಾಡಿದ ಗಳಿಗೆಗೆ ಸರಿಯಾಗಿ ಬರುವುದು ಮೊದಲನೆಯದು. ಕೆಡುಕಾಗಿಬಿಡುವ ಮೊದಲು ಒದಗುವುದು ಎರಡನೆಯದು. ಹೆಬ್ಬಾಳದ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡ ಆಂಬ್ಯುಲೆನ್ಸ್ ‘ಆನ್ ಟೈಮ್’ ಬರದಿದ್ದರೂ ‘ಇನ್ ಟೈಮ್’ ಬಂದರೆ ಒಂದು ಜೀವ ಉಳಿಯುತ್ತದೆ. ಹೊತ್ತಿಗೆ ಸರಿಯಾಗಿ ಬಂದವನೇ ಬೇರೆ, ಹೊತ್ತಿಗೆ ಆದವನೇ ಬೇರೆ ಎಂಬುದು ‘ಆಪತ್ತಿಗಾದವನೇ ನೆಂಟ’ ಎಂಬ ಗಾದೆಯನ್ನು ಕೇಳುತ್ತ ಬೆಳೆದವರಿಗೆ ಹೊಸದಾಗಿ ಹೇಳಿಕೊಡಬೇಕಾದುದಲ್ಲ.

ಇನ್ನೊಂದು ಜೋಡಿಯಲ್ಲಿ ಕನ್ನಡವೇ ನನಗೆ ಗುರುವಾಯಿತು. ‘ಔಟ್ ಆಫ್ ದಿ ಕ್ವೆಶ್ಚನ್’ ಎಂದರೆ ಸಾಧ್ಯವೇ ಇಲ್ಲ ಎಂದು. ‘ಬಿಯಾಂಡ್ ಕ್ವೆಶ್ಚನ್’ ಎಂದರೆ ಸಂಶಯವೇ ಇಲ್ಲ ಎಂದು. ಎರಡರಲ್ಲಿಯೂ ಪ್ರಶ್ನೆಯಿಂದ ಹೊರಗೆ ನಿಂತಿರುವ ಚಿತ್ರವೇ ಇರುವುದರಿಂದ ಕಲಿಯುವವರಿಗೆ ಇವು ಒಂದೇ ಎನ್ನಿಸುತ್ತವೆ. ಹಿಂದಿನ ಕಾಲದ ಇಂಗ್ಲಿಷ್‌ನಲ್ಲಿ ‘ದಿ’ ಇಲ್ಲದ ‘ಔಟ್ ಆಫ್ ಕ್ವೆಶ್ಚನ್’ ಎಂಬುದಕ್ಕೆ ನಿಸ್ಸಂದೇಹ ಎಂಬ ಅರ್ಥವಿದ್ದುದರಿಂದ ಗೊಂದಲಕ್ಕೆ ಇತಿಹಾಸದ ಬೆಂಬಲವೂ ಇದೆ. ಇದನ್ನು ಹೇಗೆ ಬಿಡಿಸಿ ಹೇಳುವುದೆಂದು ಯೋಚಿಸುತ್ತಿದ್ದಾಗ ನಮ್ಮದೇ ಎರಡು ಮಾತುಗಳು ನೆನಪಾದವು. ‘ನಿಮ್ಮ ಮಗನನ್ನು ದುಬೈಗೆ ಕಳಿಸುತ್ತೀರಾ’ ಎಂದು ಕೇಳಿದರೆ ‘ಆ ಮಾತೇ ಇಲ್ಲ’ ಎನ್ನುತ್ತೇವೆ. ‘ಹುಡುಗ ಬುದ್ಧಿವಂತನಲ್ಲವೇ’ ಎಂದರೆ ‘ಎರಡು ಮಾತಿಲ್ಲ’ ಎನ್ನುತ್ತೇವೆ. ಮಾತು ಇಲ್ಲವಾಗುವುದು ಎರಡು ಕಡೆಯೂ ಒಂದೇ, ಆದರೆ ಒಂದು ಕಡೆ ಬಾಗಿಲು ಮುಚ್ಚುತ್ತದೆ, ಇನ್ನೊಂದು ಕಡೆ ಒಪ್ಪಿಗೆಯ ಮುದ್ರೆ ಬೀಳುತ್ತದೆ. ಇದನ್ನು ಕೇಳಿದ ಮೇಲೆ ನಮ್ಮ ತರಗತಿಯಲ್ಲಿ ಆ ಇಂಗ್ಲಿಷ್ ಜೋಡಿಯನ್ನು ಯಾರೂ ತಪ್ಪಿಲ್ಲ.

ಎಲ್ಲಕ್ಕಿಂತ ಹೆಚ್ಚು ಪುಟಗಳನ್ನು ತೆಗೆದುಕೊಂಡಿರುವುದು ‘ಹಾರ್ಟ್’ ಎಂಬ ಪದ. ‘ಲೂಸ್ ಹಾರ್ಟ್’ ಎಂದರೆ ಎದೆಗುಂದುವುದು. ‘ಲೂಸ್ ಒನ್ಸ್ ಹಾರ್ಟ್’ ಎಂದರೆ ಯಾರಿಗೋ ಮನಸೋಲುವುದು. ‘ಟೇಕ್ ಹಾರ್ಟ್’ ಎಂದರೆ ಧೈರ್ಯ ತಂದುಕೊಳ್ಳುವುದು. ಅದರ ನಡುವೆ ‘ಟು’ ಸೇರಿ ‘ಟೇಕ್ ಟು ಹಾರ್ಟ್’ ಆದರೆ ಮನಸ್ಸಿಗೆ ಹಚ್ಚಿಕೊಳ್ಳುವುದು. ಸಂದರ್ಶನದಲ್ಲಿ ಆಯ್ಕೆಯಾಗದ ಗೆಳತಿಯನ್ನು ಸಂತೈಸಲು ನನ್ನ ವಿದ್ಯಾರ್ಥಿನಿಯೊಬ್ಬಳು ‘ಟೇಕ್ ಇಟ್ ಟು ಹಾರ್ಟ್’ ಎಂದು ಸಂದೇಶ ಕಳಿಸಿದ್ದಳು. ಧೈರ್ಯವಾಗಿರು ಎಂದು ಹೇಳಬೇಕಾದ ಕಡೆ, ಈ ಸೋಲನ್ನು ಮನಸ್ಸಿಗೆ ಹಚ್ಚಿಕೋ ಎಂದು ಹೇಳಿದಂತಾಯಿತು. ಗೆಳತಿಗೂ ಇಂಗ್ಲಿಷ್ ಅಷ್ಟೇ ಬರುತ್ತಿದ್ದುದರಿಂದ ಕೆಡುಕಾಗಲಿಲ್ಲ, ಆದರೂ ಆ ಸಂದೇಶವನ್ನು ಓದಿದಾಗ ನನಗೆ ಸಂಕಟವಾಯಿತು.

ಏಕೆ ಹೀಗಾಗುತ್ತದೆ ಎಂದು ಬಹಳ ದಿನ ಯೋಚಿಸಿದ್ದೇನೆ. ಇಂಗ್ಲಿಷ್ ಧೈರ್ಯವನ್ನೂ ಪ್ರೀತಿಯನ್ನೂ ಕನಿಕರವನ್ನೂ ನೋವನ್ನೂ ನೆನಪನ್ನೂ ‘ಹಾರ್ಟ್’ ಎಂಬ ಒಂದೇ ಪದದ ಮೇಲೆ ಹೊರಿಸುತ್ತದೆ, ಆದ್ದರಿಂದ ಅವುಗಳನ್ನು ಬೇರ್ಪಡಿಸಲು ಅದಕ್ಕೆ ಸುತ್ತಲಿನ ಪುಟ್ಟ ಪದಗಳ ನೆರವು ಬೇಕೇ ಬೇಕು. ಕನ್ನಡ ಆ ಕೆಲಸವನ್ನು ದೇಹದ ಬೇರೆ ಬೇರೆ ಭಾಗಗಳಿಗೆ ಹಂಚಿಬಿಟ್ಟಿದೆ. ಧೈರ್ಯ ಎದೆಯದು, ಅದಕ್ಕೇ ಎದೆಗಾರ, ಎದೆಗುಂದು. ಒಲವು ಮನಸ್ಸಿನದು. ತಾಯಿಯ ಮಮತೆ ಕರುಳಿನದು; ಮಗು ಬಿದ್ದಾಗ ಚುರುಕ್ ಎನ್ನುವುದು ಹೃದಯವಲ್ಲ, ಕರುಳು. ಅಸೂಯೆ ಹೊಟ್ಟೆಯದು, ಕ್ಷಮೆಯೂ ಹೊಟ್ಟೆಯದೇ. ‘ಹೊಟ್ಟೆಕಿಚ್ಚು’ ಎನ್ನುವ ನಾವೇ ‘ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎಂದೂ ಕೇಳಿಕೊಳ್ಳುತ್ತೇವೆ. ನೆನಪು ಕಂಠದಲ್ಲಿಯೂ ಬಾಯಲ್ಲಿಯೂ ಇರುತ್ತದೆ. ಹೀಗೆ ಭಾವಕ್ಕೊಂದು ಅಂಗವನ್ನು ಗೊತ್ತುಮಾಡಿಕೊಂಡಿರುವ ಭಾಷೆಯಿಂದ ಬಂದವರು ‘ಹಾರ್ಟ್’ ಎಂಬ ಪದ ಕಂಡೊಡನೆ ಅರ್ಥ ಸಿಕ್ಕಿತೆಂದುಕೊಂಡು, ಪಕ್ಕದ ‘ಟು’ವನ್ನು ದಾಟಿ ಹೋಗಿಬಿಡುತ್ತಾರೆ. ಅಭ್ಯಾಸ ಬೇರೆ ಕಡೆ ನೋಡಲು ಕಲಿಸಿದೆ, ಅಷ್ಟೇ. ದಡ್ಡತನವೆಂದು ಕರೆಯುವವರು ನಮ್ಮ ಊರಿನ ಕಚೇರಿಗಳಲ್ಲಿ ಇನ್ನೂ ಇದ್ದಾರೆ ಎಂಬುದು ನನಗೆ ನೋವಿನ ವಿಷಯ.

ನೆನಪಿನ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ‘ಬೈ ಹಾರ್ಟ್’ ಮತ್ತು ‘ಬೈ ರೋಟ್’ ಎರಡೂ ಪುಸ್ತಕ ನೋಡದೆ ಹೇಳುವಷ್ಟು ಕಲಿಯುವುದನ್ನೇ ಸೂಚಿಸುತ್ತವೆ, ಆದರೆ ಎರಡನೆಯದರಲ್ಲಿ ಅರ್ಥ ತಿಳಿಯದೆ ಯಾಂತ್ರಿಕವಾಗಿ ಕಲಿತರೆಂಬ ಆಕ್ಷೇಪವಿದೆ. ಬೆಂಗಳೂರಿನ ಶಾಲೆಗಳಲ್ಲಿ ‘ಬೈಹಾರ್ಟ್ ಮಾಡು’ ಎಂಬುದು ಕನ್ನಡದ್ದೇ ಕ್ರಿಯಾಪದವಾಗಿಬಿಟ್ಟಿದೆ, ಮತ್ತು ಹೆಚ್ಚಿನವರು ಅದನ್ನು ಬಳಸುವುದು ‘ಉರು ಹೊಡೆ’ ಎಂಬ ಅರ್ಥದಲ್ಲಿ. ಮೂಲದಲ್ಲಿ ಅದಕ್ಕೆ ಆ ಅಗೌರವ ಇರಲಿಲ್ಲ. ನಮ್ಮ ‘ಕಂಠಪಾಠ’ದ ಸ್ಥಾನ ಅದರದು.

ಕೈಗಳ ವಿಷಯದಲ್ಲಿ ಎಚ್ಚರ ತಪ್ಪಿದರೆ ಮಾನಹಾನಿಯೂ ಆಗಬಹುದು. ‘ಹ್ಯಾಂಡ್ ಇನ್ ಹ್ಯಾಂಡ್’ ಎಂದರೆ ಜೊತೆಜೊತೆಯಾಗಿ ಸಾಗುವುದು. ‘ಹ್ಯಾಂಡ್ ಇನ್ ಗ್ಲೌವ್’ ಎಂಬುದೂ ಹಿಂದೆ ನಿಕಟ ಸ್ನೇಹವನ್ನಷ್ಟೇ ಹೇಳುತ್ತಿತ್ತು, ಆದರೆ ಈಗ ನಮ್ಮ ಪತ್ರಿಕೆಗಳಲ್ಲಿ ಅದು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಒಳಸಂಚಿನ ಸುದ್ದಿಯಲ್ಲಿ. ಕನ್ನಡದಲ್ಲಿ ‘ಶಾಮೀಲಾಗಿದ್ದಾರೆ’ ಎನ್ನುತ್ತೇವಲ್ಲ, ಅದು. ಸೇವಾಸಂಸ್ಥೆಯೊಂದರ ವಾರ್ಷಿಕ ವರದಿಯ ಕರಡಿನಲ್ಲಿ, ಗ್ರಾಮ ಪಂಚಾಯಿತಿಯೊಂದಿಗೆ ಕೈಜೋಡಿಸಿ ದುಡಿದೆವು ಎನ್ನಲು ‘ಹ್ಯಾಂಡ್ ಇನ್ ಗ್ಲೌವ್’ ಎಂದು ಬರೆದಿದ್ದುದನ್ನು ನಾನೇ ತಿದ್ದಿದ್ದೇನೆ. ‘ಔಟ್ ಆಫ್ ಹ್ಯಾಂಡ್’ ಎಂಬುದಂತೂ ಪಕ್ಕದ ಕ್ರಿಯಾಪದ ಬದಲಾದಂತೆ ತಾನೂ ಬದಲಾಗುತ್ತದೆ. ಪರಿಸ್ಥಿತಿ ‘ಔಟ್ ಆಫ್ ಹ್ಯಾಂಡ್’ ಹೋದರೆ ಕೈಮೀರಿತು ಎಂದರ್ಥ. ಅರ್ಜಿಯನ್ನು ‘ಔಟ್ ಆಫ್ ಹ್ಯಾಂಡ್’ ತಿರಸ್ಕರಿಸಿದರೆ, ಓದಿ ನೋಡದೆ ಸಾರಾಸಗಟಾಗಿ ತಳ್ಳಿಹಾಕಿದರು ಎಂದರ್ಥ. ನಮ್ಮಲ್ಲಿಯೂ ಇಂತಹದು ಇಲ್ಲದಿಲ್ಲ. ‘ಈ ವಿಷಯದಲ್ಲಿ ಕೈ ತೊಳೆದುಕೊಂಡ’ ಎಂದರೆ ಸಂಬಂಧ ಕಳೆದುಕೊಂಡ. ‘ಕೈ ತೊಳೆದುಕೊಂಡು ಬೆನ್ನು ಹತ್ತಿದ್ದಾನೆ’ ಎಂದರೆ ಬಿಡದೆ ಕಾಡುತ್ತಿದ್ದಾನೆ. ಮೊದಲನೆಯದಕ್ಕೆ ಇಂಗ್ಲಿಷ್‌ನಲ್ಲಿ ಸರಿಯಾದ ಜೊತೆಯಿದೆ. ಎರಡನೆಯದನ್ನು ಪದಕ್ಕೆ ಪದವಿಟ್ಟು ಅತ್ತ ಕಳಿಸಿದರೆ ಅರ್ಥ ತಲೆಕೆಳಗಾಗುತ್ತದೆ.

ಎರಡು ಭಾಷೆಗಳಲ್ಲಿಯೂ ಒಂದೇ ಚಿತ್ರವಿದ್ದು ಅರ್ಥ ಬೇರೆಯಾಗುವ ಕಡೆ ಅನುವಾದಕರು ಅತಿ ಹೆಚ್ಚು ಮೋಸಹೋಗುತ್ತಾರೆ. ‘ಬೈಟ್ ಒನ್ಸ್ ಟಂಗ್’ ಎಂದರೆ ಹೇಳಬೇಕೆನ್ನಿಸಿದ್ದನ್ನು ಹೇಳದೆ ತಡೆದುಕೊಳ್ಳುವುದು. ನಾವು ನಾಲಿಗೆ ಕಚ್ಚಿಕೊಳ್ಳುವುದು ಆಡಬಾರದ್ದನ್ನು ಆಡಿದ ಮೇಲೆ. ಅವರ ಹಲ್ಲು ಮಾತಿಗೆ ಮೊದಲು ಬರುತ್ತದೆ, ನಮ್ಮದು ಮಾತಾದ ನಂತರ. ಸಚಿವರೊಬ್ಬರ ಬಗ್ಗೆ ಬರೆದ ‘ಬಿಟ್ ಹಿಸ್ ಟಂಗ್’ ಎಂಬುದನ್ನು ‘ನಾಲಿಗೆ ಕಚ್ಚಿಕೊಂಡರು’ ಎಂದು ಅನುವಾದಿಸಿದರೆ, ಮೌನವಾಗಿದ್ದವರ ಬಾಯಲ್ಲಿ ಆಡದ ಮಾತನ್ನು ತುರುಕಿದಂತಾಗುತ್ತದೆ. ‘ಕಾಲೆಳೆಯುವುದು’ ಇನ್ನೂ ತೊಡಕಿನದು. ಇಂಗ್ಲಿಷ್‌ನಲ್ಲಿ ಬೇರೊಬ್ಬರ ಕಾಲೆಳೆದರೆ ತಮಾಷೆಗಾಗಿ ನಂಬಿಸುವುದು, ತನ್ನದೇ ಕಾಲನ್ನು ಎಳೆದುಕೊಂಡು ನಡೆದರೆ ಬೇಕೆಂದೇ ತಡಮಾಡುವುದು. ಕನ್ನಡದಲ್ಲಿ ಮೇಲೆ ಹೋಗುತ್ತಿರುವವನನ್ನು ಕೆಳಕ್ಕೆ ಜಗ್ಗುವುದೂ ಕಾಲೆಳೆಯುವುದೇ, ಇತ್ತೀಚೆಗೆ ‘ನೆಟ್ಟಿಗರು ಕಾಲೆಳೆದಿದ್ದಾರೆ’ ಎಂಬ ಸುದ್ದಿಗಳಲ್ಲಿರುವ ಲೇವಡಿಯೂ ಕಾಲೆಳೆಯುವುದೇ. ಈ ಹೊಸ ಅರ್ಥ ಹಳೆಯದನ್ನು ಮರೆಸದಿರಲಿ ಎಂಬುದು ನನ್ನ ಆಸೆ, ಏಕೆಂದರೆ ಹಳೆಯದರಲ್ಲಿರುವ ಹಗೆತನವನ್ನು ಹೇಳಲು ನಮಗೆ ಆ ಪದ ಬೇಕು.

ಕಣ್ಣಿನ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಖಚಿತವಾಗಿದೆ ಎಂದು ನಾನು ನಂಬಿದ್ದೇನೆ. ‘ಟರ್ನ್ ಎ ಬ್ಲೈಂಡ್ ಐ’ ಎಂಬುದಕ್ಕೆ ಅಡ್ಮಿರಲ್ ನೆಲ್ಸನ್ನನ ಕಥೆ ಪ್ರಸಿದ್ಧವಾದುದು. 1801ರ ಕೋಪನ್‌ಹೇಗನ್ ಕದನದಲ್ಲಿ ಹಿಂದೆ ಸರಿಯಬೇಕೆಂದು ಮೇಲಧಿಕಾರಿಯ ಸಂಕೇತ ಬಂದಾಗ, ಅವನು ದೃಷ್ಟಿಯಿಲ್ಲದ ಕಣ್ಣಿಗೆ ದೂರದರ್ಶಕವನ್ನಿಟ್ಟು ತನಗೇನೂ ಕಾಣುತ್ತಿಲ್ಲವೆಂದನಂತೆ. ಕುರುಡು ನಿಜವೋ ನಟನೆಯೋ ಎಂದು ತಿಳಿಯಲು ಆ ನುಡಿಗಟ್ಟಿಗೆ ಇಂತಹ ಕಥೆಯೊಂದು ಬೇಕು. ನಮ್ಮ ‘ಜಾಣಕುರುಡು’ ಆ ವಿವರಣೆಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಕಿವಿಯ ವಿಷಯಕ್ಕೆ ‘ಜಾಣಕಿವುಡು’ ಇದೆ. ಇದಕ್ಕೂ ‘ಓವರ್‌ಸೈಟ್’ಗೂ ಇರುವ ಅಂತರವನ್ನು ಕಾಯ್ದುಕೊಳ್ಳಲೇಬೇಕು. ಆ ಪದಕ್ಕೆ ಮೇಲ್ವಿಚಾರಣೆ ಎಂಬ ಅರ್ಥವೂ ಇದೆ, ಕಣ್ತಪ್ಪು ಎಂಬ ಅರ್ಥವೂ ಇದೆ. ರಾಜಕಾಲುವೆಯೊಂದರ ಒತ್ತುವರಿಯ ವರದಿಯಲ್ಲಿ ಅಧಿಕಾರಿಯ ‘ಓವರ್‌ಸೈಟ್’ ಎಂದು ಬಂದರೆ, ಅದು ಅವರ ಮೇಲ್ವಿಚಾರಣೆಯೋ ಕಣ್ತಪ್ಪೋ ಎಂದು ವಾಕ್ಯದ ಹಿಂದುಮುಂದನ್ನು ನೋಡಿ ತೀರ್ಮಾನಿಸಬೇಕು. ‘ಬ್ಲೈಂಡ್ ಐ’ ಎಂದು ಬಂದರೆ ಮಾತ್ರ ಅದು ಜಾಣಕುರುಡು. ಕಣ್ತಪ್ಪು ಕ್ಷಮೆಗೆ ಅರ್ಹ, ಜಾಣಕುರುಡು ವಿಚಾರಣೆಗೆ ಅರ್ಹ. ಅನುವಾದಕರ ಕೈಯಲ್ಲಿ ಒಬ್ಬರ ಉದ್ಯೋಗವೇ ಇರಬಹುದು.

‘ಟೇಬಲ್’ನಂತೆ ದೇಶ ಬದಲಾದರೆ ಅರ್ಥ ಬದಲಾಗುವ ಇನ್ನೊಂದು ಮಾತು ‘ಮೂಟ್ ಪಾಯಿಂಟ್’. ನಾಗರಬಾವಿಯ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಮೂಟ್ ಕೋರ್ಟ್’ನಲ್ಲಿ ವಾದದ ಅಭ್ಯಾಸ ಮಾಡುವುದನ್ನು ನೆನೆದರೆ ಬ್ರಿಟಿಷ್ ಅರ್ಥ ತಿಳಿಯುತ್ತದೆ: ವಾದಕ್ಕೆ ತೆರೆದಿರುವ ವಿಷಯ. ಅಮೆರಿಕದಲ್ಲಿ ಅದು ಈಗ ಬಹುಮಟ್ಟಿಗೆ ವಾದಿಸಿ ಪ್ರಯೋಜನವಿಲ್ಲದ ವಿಷಯ. ‘ಪಾಸ್ ಔಟ್’ ಕೂಡ ಹೀಗೆಯೇ. ನಮ್ಮಲ್ಲಿ ಕಾಲೇಜು ಮುಗಿಸಿದವರು ‘ಪಾಸ್ ಔಟ್’ ಆಗುತ್ತಾರೆ, ಹೊರದೇಶದ ಓದುಗರಿಗೆ ಅವರು ಮೂರ್ಛೆ ಹೋದಂತೆ ಕೇಳಿಸುತ್ತದೆ. ನಮ್ಮ ನಮ್ಮಲ್ಲಿ ಆಡುವಾಗ ಅದನ್ನು ತಪ್ಪೆಂದು ನಾನು ತಿದ್ದುವುದಿಲ್ಲ, ಪತ್ರ ಯಾರಿಗೆ ಹೋಗುತ್ತದೆ ಎಂದಷ್ಟೇ ಕೇಳುತ್ತೇನೆ.

ಕಳೆದ ತಿಂಗಳು ಪೀಣ್ಯದಿಂದ ಮತ್ತೆ ಕರೆ ಬಂತು. ಅದೇ ಗ್ರಾಹಕರು ಬರೆದಿದ್ದರು, ಪ್ರಸ್ತಾವ ಈಗ ‘ಬ್ಯಾಕ್ ಆನ್ ದಿ ಟೇಬಲ್’ ಎಂದು. ‘ಹೋದ ಸಲ ಮೇಜೆಂದರೆ ಬದಿಗಿಡುವುದು ಅಂದಿರಿ, ಈ ಸಲವೂ ಬದಿಗೇ ಇಟ್ಟರೇನಮ್ಮ’ ಎಂದು ಅವರು ಕೇಳಿದರು. ಕ್ರಿಯಾಪದವಾಗಿ ಬಂದಾಗ ಅಮೆರಿಕದವರಿಗೆ ಅದು ಬದಿಗಿಡುವುದು, ಆದರೆ ‘ಆನ್ ದಿ ಟೇಬಲ್’ ಎಂದರೆ ಎರಡೂ ದೇಶಗಳಲ್ಲಿ ಪರಿಶೀಲನೆಯಲ್ಲಿದೆ ಎಂದೇ ಅರ್ಥ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪರಿಶೀಲನೆಯಲ್ಲಿದೆ ಅಂದರೆ ಒಪ್ಪಿದ್ದಾರೆ ಅಂತಲ್ಲವಲ್ಲ’ ಎಂದರು. ಅಲ್ಲ ಎಂದೆ. ‘ಪ್ರಸ್ತಾವವನ್ನು ಮತ್ತೆ ಪರಿಶೀಲನೆಗೆ ತೆಗೆದುಕೊಂಡಿದ್ದೇವೆ’ ಎಂದು ಕನ್ನಡದಲ್ಲಿ ಬರೆದು, ಅದರ ಕೆಳಗೆ ಬೇರೆಯಾಗಿ ‘ತೀರ್ಮಾನ ಇನ್ನೂ ಆಗಿಲ್ಲ, ಈ ಸಾಲು ನನ್ನದು, ಅವರದಲ್ಲ’ ಎಂದು ಸೇರಿಸಿ ಕಳಿಸಿದೆ. ತೀರ್ಮಾನ ಯಾವ ದಿನ ತಿಳಿಯುತ್ತದೆ ಎಂದು ಕೇಳುವ ಎರಡು ಸಾಲಿನ ಉತ್ತರವನ್ನು ಅವರೇ ಇಂಗ್ಲಿಷ್‌ನಲ್ಲಿ ಬರೆದು, ಕಳಿಸುವ ಮೊದಲು ನನಗೆ ತೋರಿಸಿದರು. ಅದರಲ್ಲಿ ತಿದ್ದುವಂತಹದು ಏನೂ ಇರಲಿಲ್ಲ.